ಗೊತ್ತಿಲ್ಲದ ಬಿಟ್ಟಿಗೆ ಕರ್ನಲ್ ಕೊಡಬೇಕಾದ ಉತ್ತರ

ಲಿನಕ್ಸ್‌ನ ಓಪನ್ ಕರೆಗೆ ಕೊಡುವ ಫ್ಲ್ಯಾಗ್‌ಗಳ ನಡುವೆ, ಕರ್ನಲ್‌ಗೆ ಅರ್ಥವೇ ಗೊತ್ತಿಲ್ಲದ ಒಂದು ಬಿಟ್ಟನ್ನೂ ಸೇರಿಸಿ ಕಳಿಸಿದರೆ ಏನೂ ಆಗುವುದಿಲ್ಲ. ಫೈಲು ಎಂದಿನಂತೆ ತೆರೆದುಕೊಳ್ಳುತ್ತದೆ, ಡಿಸ್ಕ್ರಿಪ್ಟರ್ ಕೈಗೆ ಬರುತ್ತದೆ, ದೋಷಸಂಖ್ಯೆಯ ಸುಳಿವೇ ಇರುವುದಿಲ್ಲ. ನಾನು ಸಿಸ್ಟಂ ಪ್ರೋಗ್ರಾಮಿಂಗ್ ಕಲಿತ ಕಾಲದಲ್ಲಿ ಇದನ್ನು ಯಾರೂ ಕುಂದು ಎಂದು ಕರೆಯುತ್ತಿರಲಿಲ್ಲ. ಯಾವ ಫ್ಲ್ಯಾಗ್ ಏನು ಮಾಡುತ್ತದೆ ಎಂಬುದನ್ನು ಮ್ಯಾನ್ಯುಯಲ್ ಪುಟಗಳು ಹೇಳುತ್ತಿದ್ದವು. ಯಾವ ಫ್ಲ್ಯಾಗೂ ಅಲ್ಲದ ಬಿಟ್ಟು ಬಂದರೆ ಏನು ಗತಿ ಎಂಬ ಪ್ರಶ್ನೆ ಪುಸ್ತಕದಲ್ಲೂ ಇರಲಿಲ್ಲ, ಮಾತುಕತೆಯಲ್ಲೂ ಇರಲಿಲ್ಲ. ಪೋಸಿಕ್ಸ್ ಮಾನದಂಡವೂ ಫ್ಲ್ಯಾಗ್ ಮೌಲ್ಯ ಸರಿಯಿಲ್ಲದಿದ್ದಾಗ ಈಇನ್‌ವಾಲ್ ದೋಷ ಕೊಡುವುದನ್ನು ಕರ್ನಲ್ ಬರೆಯುವವರ ಇಚ್ಛೆಗೇ ಬಿಟ್ಟಿತ್ತು. ಆ ಸಡಿಲಿಕೆಗೆ ತೆತ್ತ ಬೆಲೆ ಎಷ್ಟು ಎಂಬುದು ಆಮೇಲಿನ ಕರ್ನಲ್ ಬಿಡುಗಡೆಗಳಲ್ಲಿ ಕಂತುಕಂತಾಗಿ ಬಯಲಾಯಿತು. ಅವನ್ನೆಲ್ಲ ಒಟ್ಟಿಗಿಟ್ಟು ನೆನೆದಾಗ ನನಗೆ ಉಳಿಯುವ ತೀರ್ಮಾನ ಇದು: ಕರ್ನಲ್ ತನಗೆ ಗೊತ್ತಿಲ್ಲದ ಬಿಟ್ಟನ್ನು ತಿರಸ್ಕರಿಸಬೇಕಾದ ಮುಖ್ಯ ಕಾರಣ ಶಿಸ್ತೂ ಅಲ್ಲ, ಭದ್ರತೆಯೂ ಅಲ್ಲ. ‘ಈ ಸೌಲಭ್ಯ ನಿನ್ನಲ್ಲಿ ಇದೆಯೇ’ ಎಂದು ಮುಂದೊಂದು ದಿನ ಕೇಳಲಿರುವ ಪ್ರೋಗ್ರಾಮಿಗೆ ನಂಬಬಹುದಾದ ಉತ್ತರ ಸಿಗಬೇಕು. ಅದಕ್ಕೆ ಇರುವ ಅತ್ಯಂತ ಅಗ್ಗದ ದಾರಿ ಇದೇ.

1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಈ ಪ್ರಶ್ನೆ ಏಳುವ ಸಂದರ್ಭವೇ ಇರಲಿಲ್ಲ. ಅಲ್ಲಿ ಓಪನ್‌ನ ಎರಡನೆಯ ಆರ್ಗ್ಯುಮೆಂಟ್ ಸೊನ್ನೆ, ಒಂದು ಇಲ್ಲವೇ ಎರಡು. ಅಂದರೆ ಓದಲು, ಬರೆಯಲು ಅಥವಾ ಎರಡಕ್ಕೂ. ಹೊಸ ಫೈಲು ಬೇಕಿದ್ದರೆ ಕ್ರಿಯೇಟ್ ಎಂಬ ಬೇರೆಯೇ ಕರೆ ಇತ್ತು. ಇಲ್ಲದಿದ್ದರೆ ಸೃಷ್ಟಿಸು, ಇದ್ದರೆ ಬರಿದು ಮಾಡು, ಬರೆದದ್ದನ್ನೆಲ್ಲ ಕೊನೆಗೇ ಸೇರಿಸು ಎಂಬಂಥ ಕೋರಿಕೆಗಳು ಒಂದೇ ಪೂರ್ಣಾಂಕದೊಳಗೆ ಒಂದೊಂದು ಬಿಟ್ಟಾಗಿ ಸೇರಿಕೊಂಡದ್ದು ಆಮೇಲೆ. ಆಗಲೇ ಆ ಪೂರ್ಣಾಂಕದ ಸ್ವಭಾವ ಬದಲಾಯಿತು. ಬಳಕೆಯಲ್ಲಿರುವ ಬಿಟ್‌ಗಳು ಇಂದಿನ ಕೋರಿಕೆಗಳು. ಉಳಿದವು ಮುಂದೆ ಬರಲಿರುವ ಕೋರಿಕೆಗಳಿಗೆ ಕಾದಿಟ್ಟ ಜಾಗ. ಆ ಜಾಗವನ್ನು ನಿಜವಾಗಿಯೂ ಕಾಯ್ದುಕೊಳ್ಳಬೇಕಾದರೆ ಕರ್ನಲ್ ಮಾಡಬೇಕಾದ ಕೆಲಸ ಒಂದೇ ಸಾಲಿನದು: ಬಂದ ಫ್ಲ್ಯಾಗ್‌ಗಳಿಂದ ತನಗೆ ಗೊತ್ತಿರುವ ಬಿಟ್‌ಗಳನ್ನೆಲ್ಲ ತೆಗೆದು, ಏನಾದರೂ ಉಳಿದರೆ ಈಇನ್‌ವಾಲ್ ಕೊಟ್ಟು ಹಿಂದಿರುಗುವುದು. ಪರಿಶೀಲನೆಯಿಂದ ವೇಗ ಕುಂದುತ್ತದೆ ಎಂಬ ಆಕ್ಷೇಪಕ್ಕೆ ಇಲ್ಲಿ ನೆಲೆಯಿಲ್ಲ. ಪ್ರೊಸೆಸರ್ ಬಳಕೆದಾರನ ವಲಯ ಬಿಟ್ಟು ಕರ್ನಲ್ ವಲಯಕ್ಕೆ ದಾಟಿ ಮರಳುವುದಕ್ಕೆ ಹಿಡಿಯುವ ಸಮಯದ ಮುಂದೆ ಒಂದು ಬಿಟ್‌ವೈಸ್ ಆಂಡ್ ಮತ್ತು ಒಂದು ಹೋಲಿಕೆ ಲೆಕ್ಕಕ್ಕೆ ಬರುವಂಥದ್ದಲ್ಲ.

ಈ ಒಂದು ಸಾಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದು ಓ_ಕ್ಲೋಎಕ್ಸೆಕ್. ಒಂದು ಪ್ರೋಗ್ರಾಮು ಬೇರೊಂದನ್ನು ಎಕ್ಸೆಕ್ ಮಾಡಿದಾಗ ತೆರೆದಿಟ್ಟ ಫೈಲುಗಳು ಸಾಮಾನ್ಯವಾಗಿ ಹೊಸ ಪ್ರೋಗ್ರಾಮಿಗೂ ದಾಟಿಹೋಗುತ್ತವೆ. ಹಾಗೆ ದಾಟಬಾರದೆಂದರೆ ಮೊದಲು ಫೈಲು ತೆರೆದು, ಆಮೇಲೆ ಎಫ್‌ಸಿಎನ್‌ಟಿಎಲ್ ಕರೆಯಿಂದ ಗುರುತು ಹಾಕಬೇಕಿತ್ತು. ಹಲವು ಥ್ರೆಡ್‌ಗಳಿರುವ ಪ್ರೋಗ್ರಾಮಿನಲ್ಲಿ ಈ ಎರಡು ಕರೆಗಳ ನಡುವಿನ ಕ್ಷಣದಲ್ಲೇ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿ ಎಕ್ಸೆಕ್ ಮಾಡಿದರೆ, ಗುಟ್ಟಿನ ಫೈಲಿನ ಡಿಸ್ಕ್ರಿಪ್ಟರ್ ಹೊರಗಿನ ಪ್ರೋಗ್ರಾಮಿನ ಪಾಲಾಗುತ್ತದೆ. ಆ ಬಿರುಕನ್ನು ಮುಚ್ಚಲೆಂದೇ 2007ರ 2.6.23 ಕರ್ನಲ್‌ನಲ್ಲಿ, ತೆರೆಯುವಾಗಲೇ ಗುರುತು ಹಾಕುವ ಓ_ಕ್ಲೋಎಕ್ಸೆಕ್ ಬಂತು. ಆದರೆ ಅದಕ್ಕಿಂತ ಹಳೆಯ ಕರ್ನಲ್‌ಗಳು ಆ ಬಿಟ್ಟನ್ನು ಕಂಡು ‘ನನಗೆ ತಿಳಿಯದು’ ಎನ್ನಲಿಲ್ಲ. ಫೈಲನ್ನು ತೆರೆದು ಕೊಟ್ಟವು, ಗುರುತನ್ನು ಮಾತ್ರ ಹಾಕಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತ ಅರ್ಜಿಯ ಒಂದು ಕೋರಿಕೆಯನ್ನು ಓದದೆಯೇ ಇಡೀ ಅರ್ಜಿಗೆ ‘ಮಂಜೂರಾಗಿದೆ’ ಎಂಬ ಮೊಹರು ಒತ್ತಿ ಕಳಿಸಿದಂತೆ ಇದು. ಅರ್ಜಿ ವಾಪಸು ಬಂದಿದ್ದರೆ ಬೇರೆ ದಾರಿ ಹುಡುಕಬಹುದಿತ್ತು. ಮೊಹರು ಬಿದ್ದಮೇಲೆ ಹುಡುಕುವ ಪ್ರಮೇಯವೇ ಬರುವುದಿಲ್ಲ.

ಇದರ ಹೊರೆ ಬಿದ್ದದ್ದು ಕರ್ನಲ್‌ನ ಹೊರಗಿನವರ ಮೇಲೆ. 2014ರಲ್ಲಿ ಬಂದ ಪೈಥಾನ್ 3.4, ತಾನು ತೆರೆಯುವ ಡಿಸ್ಕ್ರಿಪ್ಟರ್‌ಗಳು ಮಕ್ಕಳ ಪ್ರೊಸೆಸ್‌ಗಳಿಗೆ ದಾಟಬಾರದೆಂದು ನಿಯಮ ಮಾಡಿಕೊಂಡಿತು. ಆ ನಿಯಮ ಜಾರಿಯಾಗಲು ಓ_ಕ್ಲೋಎಕ್ಸೆಕ್ ಕೊಟ್ಟರೆ ಸಾಲದಾಯಿತು. ಮೊದಲ ಸಲ ಫೈಲು ತೆರೆದಾಗ ಗುರುತು ನಿಜವಾಗಿಯೂ ಬಿದ್ದಿದೆಯೇ ಎಂದು ಇನ್ನೊಂದು ಕರೆಯಿಂದ ವಿಚಾರಿಸಿ, ಆ ಉತ್ತರವನ್ನು ನೆನಪಿಟ್ಟುಕೊಂಡು, ಬಿದ್ದಿಲ್ಲದಿದ್ದರೆ ಹಳೆಯ ಎರಡು ಹೆಜ್ಜೆಯ ವಿಧಾನಕ್ಕೆ ಮರಳುವ ಕೋಡನ್ನು ಪೈಥಾನ್ ಒಳಗೇ ಬರೆಯಬೇಕಾಯಿತು. ಫ್ಲ್ಯಾಗ್ ಬಂದು ಏಳು ವರ್ಷ ಕಳೆದ ಮೇಲಿನ ಮಾತಿದು. ಕರ್ನಲ್ ಒಂದು ಸಾಲು ಉಳಿಸಿದ್ದಕ್ಕೆ ಅದರ ಮೇಲೆ ಕಟ್ಟಿದ ಲೈಬ್ರರಿಗಳು ತಮ್ಮತಮ್ಮ ತನಿಖೆಯನ್ನು ತಾವೇ ನಡೆಸಿಕೊಳ್ಳಬೇಕಾಗಿ ಬಂತು. ತನಿಖೆ ಮಾಡುವಷ್ಟು ಎಚ್ಚರವಿಲ್ಲದ ಪ್ರೋಗ್ರಾಮುಗಳಿಗೆ ತಮ್ಮ ಡಿಸ್ಕ್ರಿಪ್ಟರ್ ಸೋರುತ್ತಿದೆ ಎಂಬ ಅರಿವಾಗುವ ದಾರಿಯೇ ಇರಲಿಲ್ಲ.

ಕರ್ನಲ್ ಬರೆಯುವವರಿಗೂ ಈ ಹೊರೆ ತಪ್ಪಲಿಲ್ಲ. 2013ರ 3.11ರಲ್ಲಿ ಹೆಸರಿಲ್ಲದ ತಾತ್ಕಾಲಿಕ ಫೈಲು ಕೊಡುವ ಓ_ಟಿಎಂಪಿಫೈಲ್ ಸೇರಿಸುವಾಗ ಅವರು ಒಂದು ಉಪಾಯ ಹೂಡಿದರು. ಹೊಸ ಬಿಟ್ಟಿನ ಜೊತೆಗೆ, ‘ಇದು ಡೈರೆಕ್ಟರಿಯಾಗಿದ್ದರೆ ಮಾತ್ರ ತೆರೆ’ ಎನ್ನುವ ಹಳೆಯ ಓ_ಡೈರೆಕ್ಟರಿ ಬಿಟ್ಟನ್ನೂ ಆ ಫ್ಲ್ಯಾಗಿನ ಭಾಗವಾಗಿಸಿದರು. ಹಳೆಯ ಕರ್ನಲ್ ಹೊಸ ಬಿಟ್ಟನ್ನು ಕಡೆಗಣಿಸಿದರೂ, ಡೈರೆಕ್ಟರಿಯೊಂದನ್ನು ಬರೆಯಲೆಂದು ತೆರೆಯುವ ಕೋರಿಕೆಯನ್ನು ಒಪ್ಪಲಾರದೆ ದೋಷ ಕೊಡುತ್ತದೆ. ಜಾಣತನದ ಪರಿಹಾರ, ಒಪ್ಪೋಣ. ಆದರೆ ಹಳೆಯ ಕರ್ನಲ್‌ನಿಂದ ‘ಇಲ್ಲ’ ಎನ್ನಿಸಲು ಅದು ಬೇರಾವುದೋ ಕಾರಣಕ್ಕೆ ಮುಗ್ಗರಿಸುವ ಮೂಲೆಯನ್ನು ಹುಡುಕಬೇಕಾಗಿ ಬಂದದ್ದೇ ಆ ಕರೆಯ ವಿನ್ಯಾಸದ ಮೇಲಿನ ತೀರ್ಪು. ಇಂಥ ಮೂಲೆ ಪ್ರತಿ ಸಲವೂ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಫೈಲನ್ನು ಮೆಮೊರಿಗೆ ಜೋಡಿಸಿಕೊಡುವ ಎಂಮ್ಯಾಪ್ ಕರೆಗೆ ಎಂಎಪಿ_ಸಿಂಕ್ ಸೇರಿಸುವಾಗ ಸಿಗಲಿಲ್ಲ. ವಿದ್ಯುತ್ ಹೋದರೂ ಅಳಿಯದ ಸ್ಮೃತಿಯ ಮೇಲೆ ಫೈಲುಗಳನ್ನಿಟ್ಟು ನೇರವಾಗಿ ಬರೆಯುವ ಪ್ರೋಗ್ರಾಮುಗಳಿಗೆ ಬೇಕಾದ ಫ್ಲ್ಯಾಗ್ ಅದು: ತಾನು ಬರೆಯುವ ಪುಟವನ್ನು ಫೈಲಿನೊಳಗೆ ಹುಡುಕಿಕೊಡುವ ಮೆಟಾಡೇಟಾ ಮೊದಲೇ ಭದ್ರವಾಗಿರುತ್ತದೆ ಎಂಬ ವಚನ. ಇದನ್ನು ಕಡೆಗಣಿಸಿಯೂ ಮ್ಯಾಪಿಂಗ್ ಕೊಟ್ಟರೆ ಪ್ರೋಗ್ರಾಮು ನಿಶ್ಚಿಂತೆಯಿಂದ ಬರೆಯುತ್ತ ಹೋಗುತ್ತದೆ, ಸುಳ್ಳು ಬಯಲಾಗುವುದು ಕರೆಂಟು ಹೋದ ದಿನ. ಅದಕ್ಕೇ 2018ರ 4.15ರಲ್ಲಿ ಎಂಎಪಿ_ಶೇರ್ಡ್_ವ್ಯಾಲಿಡೇಟ್ ಎಂಬ ಹೊಸ ಮ್ಯಾಪಿಂಗ್ ಬಗೆಯನ್ನೇ ತಂದರು. ಅದರ ಬೆಲೆ ಮೂರು. ಅಂದರೆ ಒಟ್ಟಿಗೆ ಬರಬಾರದೆಂದಿದ್ದ ಶೇರ್ಡ್ ಮತ್ತು ಪ್ರೈವೇಟ್ ಎರಡೂ ಬಿಟ್‌ಗಳ ಕೂಡಿಕೆ. ಹಳೆಯ ಕರ್ನಲ್‌ಗಳು ಅದನ್ನು ಒಪ್ಪುತ್ತಿರಲಿಲ್ಲ. ಅದು ಮಾಡುವ ಕೆಲಸವೂ ಶೇರ್ಡ್ ಮ್ಯಾಪಿಂಗಿನದೇ, ಜೊತೆಗೆ ಗೊತ್ತಿಲ್ಲದ ಫ್ಲ್ಯಾಗ್ ಬಂದರೆ ಕರೆಯನ್ನು ಸೋಲಿಸುತ್ತದೆ, ಅಷ್ಟೆ. ಪರಿಶೀಲನೆಯನ್ನೇ ಒಂದು ಸೌಲಭ್ಯವಾಗಿ, ಬೇಕಾದವರು ಕೇಳಿ ಪಡೆಯುವಂತೆ ಮಾಡಬೇಕಾಯಿತು.

ಹಾಗಾದರೆ ಹಳೆಯ ಕರೆಗಳಿಗೇ ಈಗ ಆ ಒಂದು ಸಾಲನ್ನು ಸೇರಿಸಬಾರದೇಕೆ? ಓಡುತ್ತಿದ್ದ ಪ್ರೋಗ್ರಾಮನ್ನು ಹೊಸ ಕರ್ನಲ್ ಮುರಿಯಬಾರದು ಎಂಬುದು ಲೀನಸ್ ಟೊರ್ವಾಲ್ಡ್ಸ್ ಪಟ್ಟುಹಿಡಿದು ಕಾಪಾಡಿಕೊಂಡು ಬಂದ ನಿಯಮ. ಗೊತ್ತಿಲ್ಲದ ಬಿಟ್‌ಗಳನ್ನು ವರ್ಷಗಟ್ಟಲೆ ಒಪ್ಪುತ್ತ ಬಂದ ಕರೆಗೆ ಎಲ್ಲೋ ಒಂದು ಪ್ರೋಗ್ರಾಮು ಕಸದ ಬಿಟ್‌ಗಳನ್ನು ಕಳಿಸುತ್ತಲೇ ಇರುತ್ತದೆ: ಆರಂಭಿಕ ಬೆಲೆ ಕೊಡದ ವೇರಿಯಬಲ್ ಇರಬಹುದು, ಬೇರೆ ಯುನಿಕ್ಸ್‌ನಿಂದ ನಕಲಿಸಿದ ಸಂಖ್ಯೆ ಇರಬಹುದು. ನಿನ್ನೆಯವರೆಗೆ ಓಡಿದ ಅದು ಇಂದು ನಿಂತರೆ ತಪ್ಪು ಕರ್ನಲ್‌ನ ಲೆಕ್ಕಕ್ಕೇ ಬೀಳುತ್ತದೆ. ಗ್ರಾಫಿಕ್ಸ್ ಡ್ರೈವರ್‌ಗಳ ಅನುಭವದಿಂದ ಡೇನಿಯಲ್ ವೆಟ್ಟರ್, ಡ್ರೈವರ್‌ಗಳಿಗೆ ಆದೇಶ ಕೊಡುವ ಐಆಕ್ಟಲ್ ಕರೆಗಳ ಬಗ್ಗೆ ಬರೆದ, ಕರ್ನಲ್‌ನ ಜೊತೆಗೇ ಬರುವ ದಾಖಲೆಯೂ ಇದನ್ನೇ ಎಚ್ಚರಿಸುತ್ತದೆ: ಬಳಸದ ಫ್ಲ್ಯಾಗ್‌ಗಳೂ ಖಾಲಿ ಜಾಗಗಳೂ ಸೊನ್ನೆಯೇ ಎಂದು ಮೊದಲ ದಿನ ನೋಡದಿದ್ದರೆ ಯಾರಾದರೂ ಸ್ಟ್ಯಾಕಿನ ಕಸವನ್ನೇ ಕಳಿಸುತ್ತಾರೆ, ಆಮೇಲೆ ಆ ಜಾಗವನ್ನು ಬಳಸುವ ಹಾಗಿಲ್ಲ. ಕಡೆಗಣಿಸಿದ ಬಿಟ್ಟು ಖಾಲಿ ಬಿಟ್ಟಲ್ಲ, ಕಳೆದುಹೋದ ಬಿಟ್ಟು. ಹೊಸ ಪ್ರೊಸೆಸ್ ಇಲ್ಲವೇ ಥ್ರೆಡ್ ಸೃಷ್ಟಿಸುವ ಕ್ಲೋನ್ ಕರೆಯ ಸಿಎಲ್‌ಒಎನ್‌ಇ_ಪಿಐಡಿ ಎಂಬ ಫ್ಲ್ಯಾಗ್ 2.5.16ರಲ್ಲೇ ಮಾಯವಾಯಿತು, ಆಮೇಲೆ ಕರ್ನಲ್ ಅದನ್ನು ಸುಮ್ಮನೆ ನುಂಗುತ್ತಿತ್ತು. ಅದೇ ಬಿಟ್ಟು, ಪ್ರೊಸೆಸ್ಸನ್ನು ಡಿಸ್ಕ್ರಿಪ್ಟರ್ ಮೂಲಕ ಗುರುತಿಸುವ ಪಿಐಡಿಎಫ್‌ಡಿ ಸೌಲಭ್ಯಕ್ಕೆ ಮರುಬಳಕೆಯಾದದ್ದು 2019ರ 5.2ರಲ್ಲಿ.

ಕಳೆದುಹೋದ ಬಿಟ್‌ಗಳ, ಇಡದೇ ಹೋದ ಫ್ಲ್ಯಾಗ್ ಆರ್ಗ್ಯುಮೆಂಟ್‌ಗಳ ಲೆಕ್ಕ ಕರ್ನಲ್‌ನ ಕರೆಗಳ ಪಟ್ಟಿಯಲ್ಲೇ ಅಚ್ಚಾಗಿದೆ. 2008ರ 2.6.27ರಲ್ಲಿ ಡಪ್3, ಪೈಪ್2, ಇಪೋಲ್_ಕ್ರಿಯೇಟ್1, ಐನೋಟಿಫೈ_ಇನಿಟ್1, ಇವೆಂಟ್‌ಎಫ್‌ಡಿ2, ಸಿಗ್ನಲ್‌ಎಫ್‌ಡಿ4 ಒಂದೇ ಕಂತಿನಲ್ಲಿ ಬಂದವು, ಮುಂದಿನ ಬಿಡುಗಡೆಯಲ್ಲಿ ಆಕ್ಸೆಪ್ಟ್4. ಇವುಗಳ ಹಳೆಯ ರೂಪಗಳಲ್ಲಿ ಫ್ಲ್ಯಾಗ್‌ಗೆ ಸ್ಥಳವೇ ಇರಲಿಲ್ಲ. 2014ರಲ್ಲಿ ರಿನೇಮ್‌ಅಟ್2, 2019ರಲ್ಲಿ ಕ್ಲೋನ್3, 2020ರಲ್ಲಿ ಓಪನ್‌ಅಟ್2. ಎಫ್‌ಸಿಎಚ್‌ಮಾಡ್‌ಅಟ್‌ನ ಕಥೆ ಇನ್ನೂ ವಿಚಿತ್ರ: ಪೋಸಿಕ್ಸ್ ಅದಕ್ಕೆ ಫ್ಲ್ಯಾಗ್ ಆರ್ಗ್ಯುಮೆಂಟ್ ಕೊಡುತ್ತದೆ, 2006ರಲ್ಲಿ ಲಿನಕ್ಸ್‌ಗೆ ಬಂದ ಕರೆಯಲ್ಲಿ ಅದು ಇರಲಿಲ್ಲ, ಆ ಕೊರತೆ ತುಂಬಲು ಎಫ್‌ಸಿಎಚ್‌ಮಾಡ್‌ಅಟ್2 ಬಂದದ್ದು 2023ರ 6.6ರಲ್ಲಿ. ಹೆಸರಿನ ಕೊನೆಯ ಒಂದೊಂದು ಅಂಕಿಯೂ ಮೊದಲ ದಿನ ಮಾಡದೆ ಬಿಟ್ಟ ಕೆಲಸದ ರಸೀದಿ. ಹೊಸ ಕರೆ ಸೇರಿಸುವವರಿಗೆ ಕರ್ನಲ್‌ನ ದಾಖಲೆ ಈಗ ಸ್ಪಷ್ಟವಾಗಿಯೇ ಹೇಳುತ್ತದೆ: ಫ್ಲ್ಯಾಗ್ ಆರ್ಗ್ಯುಮೆಂಟ್ ಇಡಿ, ಗೊತ್ತಿಲ್ಲದ ಬಿಟ್ಟಿದ್ದರೆ ಈಇನ್‌ವಾಲ್ ಕೊಡಿ.

ಇದಕ್ಕೆ ಎದುರಾಗಿ ಬರುವ ಅತ್ಯಂತ ಗೌರವಾರ್ಹ ಆಕ್ಷೇಪ ಇಂಟರ್‌ನೆಟ್ಟಿನ ಕಡೆಯಿಂದ ಬಂದದ್ದು. ಕಳಿಸುವಾಗ ಬಿಗಿಯಾಗಿರು, ಸ್ವೀಕರಿಸುವಾಗ ಉದಾರವಾಗಿರು ಎಂಬ ಅರ್ಥದ ಸೂತ್ರವನ್ನು ಜಾನ್ ಪೋಸ್ಟೆಲ್ 1980ರ ಟಿಸಿಪಿ ದಾಖಲೆಯಲ್ಲಿ ಬರೆದರು. ಬಿಗಿತನ ಹೇಗೆ ಕೆಡುಕಾಗಬಲ್ಲದು ಎಂಬುದಕ್ಕೆ ನಿಜವಾದ ಸಾಕ್ಷ್ಯವೂ ಇದೆ. 2001ರಲ್ಲಿ ಬಂದ ಲಿನಕ್ಸ್ 2.4, ಜಾಲದ ದಟ್ಟಣೆಯನ್ನು ಮೊದಲೇ ಸೂಚಿಸುವ ಇಸಿಎನ್ ಸೌಲಭ್ಯವನ್ನು ಬೆಂಬಲಿಸಿತು. ಅದು ಟಿಸಿಪಿ ಹೆಡರಿನಲ್ಲಿ ಅಲ್ಲಿಯವರೆಗೆ ಕಾದಿಟ್ಟಿದ್ದ ಬಿಟ್‌ಗಳನ್ನು ಬಳಸುತ್ತಿತ್ತು. ದಾರಿಯಲ್ಲಿನ ಕೆಲವು ಫೈರ್‌ವಾಲ್‌ಗಳು ಆ ಬಿಟ್‌ಗಳನ್ನು ಕಂಡೊಡನೆ ಪ್ಯಾಕೆಟ್ಟನ್ನು ಬಿಸುಟವು, ಇಲ್ಲವೇ ಸಂಪರ್ಕವನ್ನೇ ಕಡಿದವು. ಇಸಿಎನ್ ಚಾಲೂ ಮಾಡಿಕೊಂಡವರಿಗೆ ಕೆಲವು ಜಾಲತಾಣಗಳೇ ಸಿಗದಾದವು. ಸ್ಯಾಲಿ ಫ್ಲಾಯ್ಡ್ 2002ರಲ್ಲಿ ಇದರ ವಿರುದ್ಧವೇ ಒಂದು ಆರ್‌ಎಫ್‌ಸಿ ಬರೆಯಬೇಕಾಯಿತು. ಗೊತ್ತಿಲ್ಲದ ಬಿಟ್ಟನ್ನು ತಿರಸ್ಕರಿಸುವುದು ಭವಿಷ್ಯವನ್ನು ತೆರೆದಿಡುತ್ತದೆ ಎಂದು ನಾನು ವಾದಿಸುತ್ತಿರುವಾಗ, ಇಲ್ಲಿ ಅದೇ ತಿರಸ್ಕಾರ ಭವಿಷ್ಯದ ಬಾಗಿಲನ್ನು ಮುಚ್ಚಿತಲ್ಲ?

ಎರಡೂ ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಉತ್ತರ ಸಿಗುತ್ತದೆ. ಫೈರ್‌ವಾಲ್ ಆ ಕೋರಿಕೆಯ ವಿಳಾಸದಾರನಲ್ಲ, ದಾರಿಹೋಕ. ಅದು ಕಾರಣವನ್ನೂ ಹೇಳಲಿಲ್ಲ. ಪ್ಯಾಕೆಟ್ ಬಿಸುಟು ಮೌನವಾಯಿತು, ಅಥವಾ ಬೇರೆಯದೇ ಅರ್ಥವಿರುವ ರೀಸೆಟ್ ಕಳಿಸಿತು. ಕಳಿಸಿದವನಿಗೆ ಜಾಲ ಸತ್ತಿದೆಯೋ, ಯಂತ್ರ ನಿಂತಿದೆಯೋ, ಬಿಟ್ಟು ಹಿಡಿಸಲಿಲ್ಲವೋ ತಿಳಿಯುವಂತಿರಲಿಲ್ಲ. ಇತ್ತ ಟಿಸಿಪಿಯ ನಿಜವಾದ ವಿಳಾಸದಾರ ಹಳೆಯ ಯಂತ್ರವಾಗಿದ್ದು ಆ ಬಿಟ್‌ಗಳನ್ನು ಕಡೆಗಣಿಸಿದರೂ ಕೇಡಿಲ್ಲ. ಏಕೆಂದರೆ ಇಸಿಎನ್‌ನ ಮಾತುಕತೆ ಹಸ್ತಲಾಘವದಲ್ಲೇ ನಡೆಯುತ್ತದೆ. ಎದುರಿನವನು ಮರುಬಿಟ್ಟು ಕಳಿಸದಿದ್ದರೆ ಅವನಿಗೆ ಅದು ಗೊತ್ತಿಲ್ಲ ಎಂಬುದು ಖಚಿತ. ಅಲ್ಲಿ ಕಡೆಗಣಿಸುವಿಕೆಯೇ ಒಂದು ಉತ್ತರ. ಓಪನ್‌ನಲ್ಲಿ ಅಂಥ ಮರುಬಿಟ್ಟಿಲ್ಲ. ವಾಪಸು ಬರುವುದು ಬರಿಯ ಡಿಸ್ಕ್ರಿಪ್ಟರ್. ಹಾಗಾಗಿ ಉದಾರತೆಯೋ ಬಿಗಿತನವೋ ಎಂದು ವಾದಿಸುವುದಕ್ಕಿಂತ, ಕೇಳಿದವನಿಗೆ ಉತ್ತರ ಸಿಕ್ಕಿತೇ ಎಂದು ನೋಡುವುದು ಸರಿಯಾದ ಅಳತೆಗೋಲು. 2023ರಲ್ಲಿ ಆರ್‌ಎಫ್‌ಸಿ 9413 ಪೋಸ್ಟೆಲ್ ಸೂತ್ರವನ್ನೇ ಮರುಪರಿಶೀಲಿಸಿ, ತಪ್ಪನ್ನು ಸಹಿಸುತ್ತ ಹೋದರೆ ಆ ತಪ್ಪೇ ಬೇರೂರುತ್ತದೆ ಎಂಬ ನಿಲುವಿಗೆ ಬಂದದ್ದೂ ಇದೇ ದಿಕ್ಕಿನ ಮಾತು.

ಇನ್ನೊಂದು ಆಕ್ಷೇಪ ಬಳಕೆಯ ಅನುಕೂಲದ್ದು. ಕೆಲವು ಫ್ಲ್ಯಾಗ್‌ಗಳು ಬರಿಯ ಸಲಹೆಗಳು. ಓದಿದ ಸಮಯವನ್ನು ದಾಖಲಿಸಬೇಡ ಎನ್ನುವ ಓ_ನೋಎಟೈಮ್‌ನಂಥದ್ದನ್ನು ಕರ್ನಲ್ ಕಡೆಗಣಿಸಿದರೆ ಕೆಲಸ ತುಸು ನಿಧಾನವಾಗಬಹುದು, ಕೆಡುವುದಿಲ್ಲ. ಅದಕ್ಕಾಗಿ ಇಡೀ ಕರೆಯನ್ನು ಸೋಲಿಸುವುದು ಅತಿಯಲ್ಲವೇ ಎಂದು ಕೇಳುತ್ತಾರೆ. ಆದರೆ ಯಾವುದು ಸಲಹೆ, ಯಾವುದು ವಚನ ಎಂಬುದು ಗೊತ್ತಿರುವುದು ಕರೆ ಮಾಡಿದವನಿಗೆ. ಬಿಟ್ಟಿನ ಅರ್ಥವೇ ತಿಳಿಯದ ಹಳೆಯ ಕರ್ನಲ್‌ಗೆ ಅದು ಎಂಎಪಿ_ಸಿಂಕ್‌ನಷ್ಟು ಗಂಭೀರವೋ ಓ_ನೋಎಟೈಮ್‌ನಷ್ಟು ಹಗುರವೋ ಎಂದು ನಿರ್ಧರಿಸುವ ಆಧಾರವೇ ಇಲ್ಲ. ಸಲಹೆ ಎಂದುಕೊಂಡವನು ದೋಷ ಬಂದಾಗ ಆ ಬಿಟ್ಟನ್ನು ಕಳಚಿ ಮತ್ತೊಮ್ಮೆ ಕೇಳುತ್ತಾನೆ, ಎರಡು ಸಾಲಿನ ಕೆಲಸ. ವಚನ ಎಂದುಕೊಂಡವನಿಗೆ ಸುಳ್ಳು ಯಶಸ್ಸನ್ನು ಕೊಟ್ಟರೆ ಅವನು ಮಾಡಬಹುದಾದದ್ದು ಏನೂ ಇಲ್ಲ.

ಈಇನ್‌ವಾಲ್ ಬಡಪಾಯಿ ಉತ್ತರ ಎಂಬ ದೂರನ್ನು ಮಾತ್ರ ನಾನು ಬಹುಪಾಲು ಒಪ್ಪುತ್ತೇನೆ. ಯಾವ ಬಿಟ್ಟು ಹಿಡಿಸಲಿಲ್ಲ, ಬಿಟ್ಟೇ ಗೊತ್ತಿಲ್ಲವೋ ಇನ್ನೊಂದರ ಜೊತೆ ಕೂಡುವುದಿಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಆದರೆ ಇದು ಹೆಚ್ಚು ಉತ್ತರ ಕೊಡಿ ಎನ್ನುವ ವಾದ, ಉತ್ತರ ಬೇಡ ಎನ್ನುವ ವಾದವಲ್ಲ. ಈ ದಿಕ್ಕಿನಲ್ಲಿ ಒಳ್ಳೆಯ ಮಾದರಿಗಳೂ ಬಂದಿವೆ. 2017ರ ಸ್ಟ್ಯಾಟ್‌ಎಕ್ಸ್ ಕರೆ, ತಾನು ಯಾವ ಯಾವ ವಿವರಗಳನ್ನು ತುಂಬಿದ್ದೇನೆ ಎಂಬುದನ್ನು ಒಂದು ಮಾಸ್ಕಿನಲ್ಲಿ ಬರೆದೇ ಹಿಂದಿರುಗುತ್ತದೆ. ಸಿಗ್‌ಆಕ್ಷನ್‌ಗೆ 2021ರ 5.11ರಲ್ಲಿ ಬಂದ ಎಸ್‌ಎ_ಅನ್‌ಸಪೋರ್ಟೆಡ್ ಇನ್ನೂ ಸೊಗಸಾದದ್ದು: ಯಾವ ಕರ್ನಲ್ಲೂ ಎಂದಿಗೂ ಬೆಂಬಲಿಸುವುದಿಲ್ಲ ಎಂಬ ಭರವಸೆಯೇ ಆ ಬಿಟ್ಟಿನ ಅರ್ಥ. ಅದನ್ನು ಕಳಿಸಿ, ಮತ್ತೆ ಓದಿದಾಗ ಅದು ಅಳಿಸಿಹೋಗಿದ್ದರೆ ಈ ಕರ್ನಲ್ ಗೊತ್ತಿಲ್ಲದ ಬಿಟ್‌ಗಳನ್ನು ಅಳಿಸುವ ಜಾತಿಯದು ಎಂದು ತಿಳಿಯುತ್ತದೆ. ಆಗ ಉಳಿದುಕೊಂಡ ಬಿಟ್‌ಗಳನ್ನು ನಂಬಬಹುದು. ಮುರಿಯಲಾಗದ ಹಳೆಯ ಕರೆಯೊಳಗೇ ಉತ್ತರಕ್ಕೆ ದಾರಿ ಕೊರೆದದ್ದು ಅದು.

ಉತ್ತರ ಕೊಟ್ಟರೆ ಸಾಲದು, ಅದು ನಿಜವಾಗಿರಬೇಕು ಎಂಬುದಕ್ಕೂ ಪ್ರಸಂಗಗಳಿವೆ. ಕ್ಲೋನ್3 ತನ್ನ ಫ್ಲ್ಯಾಗ್‌ಗಳನ್ನು ಮೆಮೊರಿಯಲ್ಲಿರುವ ಸ್ಟ್ರಕ್ಚರಿನ ಮೂಲಕ ಪಡೆಯುತ್ತದೆ. ಕರೆಗಳನ್ನು ಸೋಸುವ ಸೆಕ್‌ಕಾಂಪ್ ಆ ಸ್ಟ್ರಕ್ಚರಿನೊಳಗೆ ಇಣುಕಲಾರದು. ಹಾಗಾಗಿ ಡಾಕರ್‌ನ ಪೂರ್ವನಿಗದಿ ಸೋಸುಕ ಕ್ಲೋನ್3ನ್ನು ಇಡಿಯಾಗಿ ತಡೆದು, ಅನುಮತಿಯಿಲ್ಲ ಎನ್ನುವ ಈಪರ್ಮ್ ಕೊಡುತ್ತಿತ್ತು. 2021ರ ಜಿಲಿಬ್‌ಸಿ 2.34 ಥ್ರೆಡ್ ಸೃಷ್ಟಿಸಲು ಮೊದಲು ಕ್ಲೋನ್3 ಕೇಳಿ, ಅಂಥ ಕರೆಯೇ ಇಲ್ಲ ಎನ್ನುವ ಈನೋಸಿಸ್ ಬಂದರೆ ಮಾತ್ರ ಹಳೆಯ ಕ್ಲೋನ್‌ಗೆ ಮರಳುತ್ತಿತ್ತು. ಈಪರ್ಮ್ ಬಂದಾಗ ಮರಳಲಿಲ್ಲ, ಹೊಸ ಡಿಸ್ಟ್ರಿಬ್ಯೂಷನ್‌ಗಳ ಕಂಟೇನರ್‌ಗಳಲ್ಲಿ ಥ್ರೆಡ್‌ಗಳೇ ಹುಟ್ಟಲಿಲ್ಲ. ಡಾಕರ್ 20.10.10 ಆ ಒಂದು ದೋಷಸಂಖ್ಯೆಯನ್ನು ಬದಲಿಸಿದ ಮೇಲೆ ಸರಿಹೋಯಿತು. ಇನ್ನು ಗೊತ್ತಿಲ್ಲದ ಫ್ಲ್ಯಾಗ್ ತಿರಸ್ಕರಿಸುತ್ತದೆ ಎಂದು ಹೆಮ್ಮೆಯಿಂದ ಬಂದ ಓಪನ್‌ಅಟ್2ರ ಪಾಡು: ಅದರ ಫ್ಲ್ಯಾಗ್ ಕ್ಷೇತ್ರ 64 ಬಿಟ್ಟಿನದು, ಒಳಗೆ ಪರಿಶೀಲಿಸುವ ವೇರಿಯಬಲ್ 32 ಬಿಟ್ಟಿನದು. ಮೇಲಿನ 32 ಬಿಟ್‌ಗಳು ಪರಿಶೀಲನೆಗೆ ಮುಂಚೆಯೇ ಉದುರಿಹೋಗುತ್ತಿದ್ದವು, ಅಂದರೆ ಹಳೆಯ ರೋಗವೇ. 2021ರಲ್ಲಿ ಕ್ರಿಶ್ಚಿಯನ್ ಬ್ರೌನರ್ ಅದನ್ನು ತಿದ್ದಿದರು. ಆ ಎತ್ತರದ ಬಿಟ್‌ಗಳು ಇನ್ನೂ ಯಾವ ಫ್ಲ್ಯಾಗಿಗೂ ಹಂಚಿಕೆಯಾಗಿರಲಿಲ್ಲವಾದ್ದರಿಂದ ತಿದ್ದಲು ಕಾಲಾವಕಾಶವಿತ್ತು.

ಈ ಪಾಠ ಕರ್ನಲ್‌ನ ಮೂಲ ಕರೆಗಳನ್ನು ಬರೆಯುವ ಬೆರಳೆಣಿಕೆಯ ಜನರಿಗೆ ಮೀಸಲಲ್ಲ. ಡ್ರೈವರಿಗೆ ಹೊಸದೊಂದು ಐಆಕ್ಟಲ್ ಸೇರಿಸುವವರು, ಲೈಬ್ರರಿಗೆ ಒಂದು ಆಯ್ಕೆ ಸೇರಿಸುವವರು ಎಲ್ಲರೂ ಇದೇ ತೀರ್ಮಾನವನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡುತ್ತಾರೆ. ಯಾವ ಫ್ಲ್ಯಾಗ್‌ಗಳು ಬೇಕು ಎಂಬ ಚರ್ಚೆಗೆ ಎಷ್ಟು ಹೊತ್ತು ಕೊಟ್ಟರೂ ಆಮೇಲೆ ತಿದ್ದಲು ಅವಕಾಶವಿದೆ. ಬೇಕಾದದ್ದನ್ನು ಮುಂದಿನ ಬಿಡುಗಡೆಯಲ್ಲಿ ಸೇರಿಸಬಹುದು. ಗೊತ್ತಿಲ್ಲದ್ದು ಬಂದರೆ ಏನು ಮಾಡಬೇಕು ಎಂಬ ತೀರ್ಮಾನಕ್ಕೆ ಆ ಅವಕಾಶವಿಲ್ಲ. ಒಬ್ಬನೇ ಒಬ್ಬ ಬಳಕೆದಾರನೂ ಇಲ್ಲದ ದಿನ ಅದನ್ನು ಬಿಗಿಯಾಗಿಟ್ಟರೆ ಯಾರ ದೂರೂ ಬರುವುದಿಲ್ಲ, ಮತ್ತು ಬಿಗಿಯಾಗಿದ್ದದ್ದನ್ನು ಮುಂದೆ ಸಡಿಲಿಸಿದರೆ ಯಾವ ಪ್ರೋಗ್ರಾಮೂ ಮುರಿಯುವುದಿಲ್ಲ. ಸಡಿಲವಾಗಿದ್ದದ್ದನ್ನು ಬಿಗಿ ಮಾಡಲು ಹೋದರೆ ಮುರಿಯುತ್ತದೆ. ಹಾಗಾಗಿ ಹೊಸ ಇಂಟರ್‌ಫೇಸೊಂದರ ವಿಮರ್ಶೆಗೆ ಕೂತಾಗ ನಾನು ಮೊದಲು ಹುಡುಕುವುದು ಅದು ಏನೇನು ಮಾಡಬಲ್ಲದು ಎಂಬ ಪಟ್ಟಿಯನ್ನಲ್ಲ, ಎಲ್ಲ ಬಿಟ್‌ಗಳನ್ನೂ ಎತ್ತಿ ಕಳಿಸಿದರೆ ಅದು ಸೋಲುತ್ತದೆ ಎಂದು ತೋರಿಸುವ ಒಂದು ಪರೀಕ್ಷೆಯನ್ನು. ಅದು ಇಲ್ಲದಿದ್ದರೆ ಉಳಿದ ಚರ್ಚೆಗೆ ಇನ್ನೂ ಸಮಯ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ.